ತಿಥಿ ತಪ್ಪದ ಅತಿಥಿಗಳು

ಮಳೆಗಾಲವು ಬಂದೊಡನೆ ಹಂಸಗಳು ಮಾನಸಸರೋವರಕ್ಕೆ ಹೊರಡುವುವು ಎಂಬುದು ಸಂಸ್ಕೃತ ಕವಿಗಳೆಲ್ಲರೂ ಒಮ್ಮತದಿಂದ ಒಪ್ಪಿಕೊಂಡಿರುವ ಮಾತು. ಇಂಥ ಮಾತುಗಳಿಗೆ ಅಲಂಕಾರಶಾಸ್ತ್ರದಲ್ಲಿ ಕವಿಸಮಯವೆಂದು ಹೆಸರು. ಕೀರ್ತಿಯು ಬೆಳ್ಳಗಿರುವುದು, ಚಕೋರವು ಬೆಳುದಿಂಗಳನ್ನು ಕುಡಿಯುವುದು, ನೀರಿದ್ದಲ್ಲೆಲ್ಲ ಹಂಸವಿರುವುದು ಮುಂತಾದುವೆಲ್ಲ ಆ ಪಟ್ಟಿಯಲ್ಲಿ ಸೇರಿದವು. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಮಾನಸಕ್ಕೆ ಹೋಗುವ ಹಂಸವೂ ಬೆಳುದಿಂಗಳನ್ನು ಕುಡಿಯುವ ಚಕೋರವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡೂ ಬರಿಯ ಕಲ್ಪನೆಯೆಂದು ಹೇಳಿಬಿಡುವುದು ಓದಿದವರಲ್ಲಿ ರೂಢಿಯಾಗಿದೆ. ಆದರೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಕುಳಿತವರೆಲ್ಲರೂ ಒಂದೇ ಗೋತ್ರದವರಾಗಿರಬೇಕೆಂದಿಲ್ಲವಷ್ಟೆ. ಚಕೋರದ ಮಾತು ಹೇಗಾದರೂ ಇರಲಿ, ಹಂಸದ ಮಾತಿನಲ್ಲಿ ಸತ್ಯವೆಷ್ಟೆಂಬುದನ್ನು ಕಣ್ಣಾರೆ ಕಾಣಲು ಈ ವಯಸ್ಸಿನಲ್ಲಿ ನಾನು ಕೈಕೊಂಡ ಒಂದು ಯಾತ್ರೆಯ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಹಂಸವೆಂದರೆ ಯಾವ ಹಕ್ಕಿಯೆಂಬುದು ನಿಶ್ಚಯವಾಗಬೇಕು. ಗೋಡೆಯ ಕ್ಯಾಲೆಂಡರುಗಳಲ್ಲಿ ಶಾರದೆಯ ಪಕ್ಕದಲ್ಲಿ ಉದ್ದವಾದ ಕೊರಳನ್ನು ಬಾಗಿಸಿ ನಿಂತಿರುವ ಅಚ್ಚ ಬಿಳಿಯ ಹಕ್ಕಿಯು ಐರೋಪ್ಯರ ಸ್ವಾನ್ ಪಕ್ಷಿ. ನಮ್ಮ ದೇಶಕ್ಕೆ ಅದು ಎಂದೋ ಒಮ್ಮೆ ದಾರಿ ತಪ್ಪಿ ಬರತಕ್ಕದ್ದೇ ಹೊರತು ವರ್ಷವರ್ಷವೂ ಬರತಕ್ಕದ್ದಲ್ಲ. ಸಂಸ್ಕೃತದ ಹಂಸ ಶಬ್ದಕ್ಕೆ ಲ್ಯಾಟಿನ್ ಭಾಷೆಯ ಆನ್ಸರ್, ಜರ್ಮನ್ನರ ಗಾನ್ಸ್, ಇಂಗ್ಲಿಷಿನ ಗೂಸ್ ಇವು ಜ್ಞಾತಿಗಳು; ಆ ಎಲ್ಲ ಶಬ್ದಗಳಿಗೂ ಹೆಬ್ಬಾತು ಎಂದೇ ಅರ್ಥ. ವೋಗೆಲ್ ಎಂಬ ಡಚ್ಚ ವಿದ್ವಾಂಸರು ೧೯೬೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ನಮ್ಮ ಸಾಹಿತ್ಯದ ಮತ್ತು ಶಿಲ್ಪದ ಹಂಸವು ಹೆಬ್ಬಾತೇ ಎಂದು ವಿಸ್ತಾರವಾಗಿ ಸಾಧಿಸಿದ್ದಾರೆ. ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೆ ಬರುವ ಹೆಬ್ಬಾತಿಗೆ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಮೈ ತಿಳಿಬೂದಿಯ ಬಣ್ಣ, ಕಾಲೂ ಕೊಕ್ಕೂ ಕಿತ್ತಳೆಗೆ ತಿರುಗಿದ ಹಳದಿ. ಬೆಳ್ಳಗಿರುವ ತಲೆಯ ಹಿಂಭಾಗದಲ್ಲಿ ವಿಭೂತಿಯನ್ನು ಕಪ್ಪು ಬಣ್ಣದಲ್ಲಿ ಎಳೆದಂತೆ ಎರಡು ಪಟ್ಟೆಗಳು. ಅಮರಸಿಂಹನು ಹಂಸಕ್ಕೆ ಕೊಡುವ ಪರ್ಯಾಯಗಳಲ್ಲಿ ಮಾನಸೌಕಸ್ ಎಂಬುದೊಂದು. ಓಕಸ್ ಎಂದರೆ ಮನೆ. ಮಾನಸವನ್ನೇ ಮನೆಯಾಗಿ ಉಳ್ಳದ್ದು ಎಂದು ವಿಗ್ರಹ.

ಸುರತ್ಕಲ್ಲಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಾನು ನಿವೃತ್ತನಾದೆನು. ಪಣಂಬೂರಿನ ಬಂದರು, ತೈಲ ಶುದ್ಧೀಕರಣದ ಕಾರ್ಖಾನೆ, ಹೆದ್ದಾರಿಯ ಕೆಲಸ, ಇವುಗಳ ದೆಸೆಯಿಂದ ನಮ್ಮ ಕಡೆಗೆ ಘಟ್ಟದ ಮೇಲಿನ ಉತ್ತರ ಜಿಲ್ಲೆಗಳಿಂದ ಕೂಲಿಗಾಗಿ ಬರುವ ಕುಟುಂಬಗಳು ಅನೇಕ. ನನ್ನ ಕೊನೆಯ ವರ್ಷದ ಎಂಟನೆಯ ತರಗತಿಯಲ್ಲಿ ಅಂಥ ಕುಟುಂಬದ ಹುಡುಗಿಯೊಬ್ಬಳಿದ್ದಳು. ತಂದೆತಾಯಿಗಳು ಕಟ್ಟಡದ ಕೆಲಸದವರು. ಮಳೆ ಬಿದ್ದೊಡನೆ ತಂದೆಯು ಬಿತ್ತನೆಗಾಗಿ ಊರಿಗೆ ಹೋಗಿ ಸುಗ್ಗಿಯ ತರುವಾಯ ತಿರುಗಿ ಬರುತ್ತಿದ್ದನು. ಒಂದು ದಿನ ಪಾಠದಲ್ಲಿ ಹಂಸದ ಪ್ರಸ್ತಾಪ ಬಂದಾಗ ಮೇಲಿನ ಸಂಗತಿಗಳನ್ನೆಲ್ಲ ವಿವರಿಸಿ, ಹಲಗೆಯ ಮೇಲೆ ಹಕ್ಕಿಯ ತಲೆಯ ಎರಡು ಪಟ್ಟೆಗಳನ್ನು ಬರೆದು ತೋರಿಸಿದೆನು. ಆ ಹುಡುಗಿ ಎದ್ದು ನಿಂತು, "ಸಾರ್, ಇವು ನಮ್ಮೂರ ಕೆರಿಗೆ ಬರ್ತಾವ್ರಿ. ನಮ್ಮ ಅಜ್ಜನ ಹೊಲಾನೂ ಮೇಯ್ತಾವ" ಎಂದಳು. ಯಾವ ಊರೆಂದು ಕೇಳಿದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಎಂದಳು. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. "ಮಾನಸ ಅವುಗಳ ಮನಿ ಅಂದ್ರ, ಮನಿ ಬಿಟ್ಟು ನಮ್ಮೂರಿಗ್ಯಾಕ ಬರ್ತಾವ್ರಿ? ಯಾವುದು ಮನಿ, ಯಾವುದು ಪರಊರು?" ಎಂದು ಕೇಳಿದಳು. ಉತ್ತರದ ಸರೋವರಗಳು ಚಳಿಗೆ ಹೆಪ್ಪುಗಟ್ಟುವುವು, ಮೇವು ಸಿಕ್ಕದು, ಆದುದರಿಂದ ಬರುವುವು ಎಂದು ಹೇಳಿದೆನು. ಅವಳು ತಲೆಯಾಡಿಸಿ ಕುಳಿತಳು. ಆದರೆ ಎರಡನೆಯ ಪ್ರಶ್ನೆಗೆ ಉತ್ತರವು ಉಳಿದೇ ಇತ್ತು. ಆ ಪ್ರಶ್ನೆ ಹಕ್ಕಿಯ ವಿಷಯವಾಗಿ ಮಾತ್ರ ಕೇಳಿದ್ದಲ್ಲವೆಂದೂ ನನಗೆ ತೋರಿತು.

ನಿವೃತ್ತನಾದ ವರ್ಷದ ಪುಷ್ಯಮಾಸದಲ್ಲಿ ನಾನು ಮಾಗಡಿಗೆ ಹೋದೆನು. ಪಂಪನ ಕಾಲದಲ್ಲಿ ಪುಲಿಗೆರೆಯೆನ್ನಿಸಿಕೊಂಡಿದ್ದ ಲಕ್ಷ್ಮೇಶ್ವರವು ಅಲ್ಲಿಗೆ ದೂರವಲ್ಲ. ಊರಿನ ಮಗ್ಗುಲಲ್ಲಿಯೇ ಕೆರೆ. ಅದು ಬೇಸಾಯಕ್ಕೆ ನೀರು ನಿಲ್ಲಿಸಲೆಂದು ಕಟ್ಟಿದ್ದೇ ಹೊರತು ಹಕ್ಕಿಗಳಿಗೆಂದು ಕಟ್ಟಿದ್ದಲ್ಲ. ಸುತ್ತಲೂ ಎರೆಯ ಹೊಲ, ಮರವೇ ವಿರಳ. ನಮ್ಮ ಕರಾವಳಿಯ ಕಣ್ಣಿಗೆ ಅದು ಬೋಳು ಬಯಲು. ಆ ನೀರಿನ ಮೇಲೆ ಬೂದಿಯನ್ನು ಚೆಲ್ಲಿದಂತೆ ಸಾವಿರಾರು ಹೆಬ್ಬಾತುಗಳು! ಕಾರ್ತಿಕದ ಹೊತ್ತಿಗೆ ಬಂದು, ಫಾಲ್ಗುಣದ ಬಿಸಿಲೇರುವುದರೊಳಗೆ ಹೊರಟುಹೋಗುವುವು. ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಹೊಲಗಳಿಗೆ ಇಳಿದು ಎಳೆಯ ಪೈರನ್ನೂ ಉದುರಿದ ಕಾಳನ್ನೂ ಮೇಯುವುವು. ೧೯೭೧ರಲ್ಲಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ರಾಷ್ಟ್ರಗಳು ಸೇರಿ ಮಾಡಿಕೊಂಡ ಒಪ್ಪಂದದಂತೆ ಲೋಕದಲ್ಲಿ ಉಳಿಸತಕ್ಕ ಜಲಾಶಯಗಳ ಪಟ್ಟಿಯೊಂದುಂಟು. ೨೦೨೪ರಲ್ಲಿ ಮಾಗಡಿ ಕೆರೆಯೂ ಆ ಪಟ್ಟಿಗೆ ಸೇರಿದೆ.

ಹುಡುಗಿಯ ಅಜ್ಜನು ಎಪ್ಪತ್ತು ದಾಟಿದ ರೈತ. ಕೆರೆಯ ಏರಿಯ ಮೇಲೆ ನನ್ನನ್ನು ಕೂರಿಸಿಕೊಂಡು ತನ್ನ ಹೊಲವನ್ನು ತೋರಿಸಿದನು. ಒಂದು ಮೂಲೆಯಲ್ಲಿ ಪೈರು ಕತ್ತರಿಯಿಂದ ಕತ್ತರಿಸಿದಂತಿತ್ತು. "ನೀವು ನೋಡಾಕ ಬರ್ತೀರಿ, ಅವು ಉಣ್ಣಾಕ ಬರ್ತಾವ್ರಿ ಮಾಸ್ತರ" ಎಂದು ನಕ್ಕನು. ಹೊಡೆದು ಓಡಿಸುವುದಿಲ್ಲವೇ ಎಂದು ಕೇಳಿದೆನು. "ಕೈ ಬರಂಗಿಲ್ರಿ. ತವರಿಗೆ ಬಂದ ಹೆಣ್ಮಕ್ಕಳಂಗ ವರ್ಷಾ ಬರ್ತಾವ. ಉಂಡು ಹೋಗೂ ಮಗಳಿಗೆ ಬ್ಯಾಡ ಅನ್ನಾಕ ಆಕ್ಕೈತೇನು? ಆದ್ರ ಸಾಲ ತೀರಸೂದು ನಾನಲ್ರಿ!" ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದನು: "ನೀವು ಓದಿದವರು. ಅಲ್ಲಿ ಏನೈತ್ರಿ, ಅಷ್ಟು ದೂರ ತಿರುಗಿ ಹೋಗಾಕ?" ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆನು. ಅವನು ಕೇಳಿಕೊಂಡು, "ನೋಡಿ ಬಂದೀರೇನು?" ಎಂದನು. ಇಲ್ಲವೆಂದೆನು. "ಹೋಗಿ ನೋಡಿ ಬರ್ರಿ. ಬಂದು ನನಗೊಂದಿಷ್ಟು ಹೇಳ್ರಿ" ಎಂದು ಬಹು ಸಹಜವಾಗಿ, ಪಕ್ಕದ ಊರಿನ ಸಂತೆಗೆ ಕಳುಹಿಸುವವನಂತೆ ಹೇಳಿದನು.

ಮನೆಯಲ್ಲಿ ಈ ವಿಚಾರವನ್ನು ತೆಗೆದಾಗ ನಾಲ್ಕು ದಿಕ್ಕಿನಿಂದಲೂ ವಿರೋಧ ಬಂತು. ಬೆಂಗಳೂರಿನಲ್ಲಿರುವ ಮಗನು, ಅರುವತ್ತು ವರ್ಷ ಸಮುದ್ರದ ಮಟ್ಟದಲ್ಲಿ ಉಸಿರಾಡಿದ ಶ್ವಾಸಕೋಶವನ್ನು ಒಮ್ಮೆಗೇ ನಾಲ್ಕೂವರೆ ಸಾವಿರ ಮೀಟರು ಎತ್ತರಕ್ಕೆ ಒಯ್ಯುವುದು ಹುಡುಗಾಟವಲ್ಲವೆಂದನು. ನನ್ನ ಮನೆಯಾಕೆ ಹೆಚ್ಚು ಮಾತಾಡುವವಳಲ್ಲ. ಅವಳು ಹೇಳಿದ್ದು ಒಂದೇ ಮಾತು: "ಹಂಸ ನೋಡಲಿಕ್ಕೆ ಹೋಗಿ ಪರಮಹಂಸ ಆಗಿಬಿಡಬೇಡಿ." ಕೊನೆಗೆ ವೈದ್ಯರು ಎದೆಯನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿ, ಲೇಹದಲ್ಲಿ ಮೂರು ದಿನ ಸುಮ್ಮನೆ ಮಲಗಿರುವೆನೆಂದು ಮಾತು ಕೊಟ್ಟರೆ ಹೋಗಬಹುದೆಂದರು. ಮನೆಯಾಕೆಯು ಉಣ್ಣೆಯ ಬಟ್ಟೆಗಳ ನಡುವೆ ಶುಂಠಿಯ ಪುಡಿಯನ್ನೂ ಹುರಿದ ಅವಲಕ್ಕಿಯನ್ನೂ ಕಟ್ಟಿಕೊಟ್ಟಳು. ಕಾಳಿದಾಸನ ಹಂಸಗಳು ದಾರಿಯ ಬುತ್ತಿಗೆ ತಾವರೆಯ ದಂಟಿನ ತುಂಡುಗಳನ್ನು ಒಯ್ಯುವುವು. ನನ್ನ ಬುತ್ತಿ ಅವಲಕ್ಕಿ.

ಜೂನ್ ತಿಂಗಳ ಮೂರನೆಯ ವಾರ ಹೊರಟೆನು. ಸುರತ್ಕಲ್ಲಿನಲ್ಲಿ ಆಗ ಮಳೆ ಬಲವಾಗಿ ಹಿಡಿದಿತ್ತು. ದೀಪಸ್ತಂಭದ ಕೆಳಗೆ ಕಡಲು ಮಣ್ಣಿನ ಬಣ್ಣಕ್ಕೆ ತಿರುಗಿ, ತೀರದ ಸದಾಶಿವ ದೇವಸ್ಥಾನದ ಬಂಡೆಗಳಿಗೆ ಅಪ್ಪಳಿಸುತ್ತಿತ್ತು. ಮಂಗಳೂರಿನಿಂದ ಕೊಂಕಣ ರೈಲುಮಾರ್ಗವಾಗಿ ದೆಹಲಿಗೆ ಎರಡು ರಾತ್ರಿಯ ಪ್ರಯಾಣ. ಕಿಟಕಿಯಾಚೆ ಮೋಡವು ನಮ್ಮೊಡನೆ ಬಹುದೂರ ಬಂತು. ಪರಶುರಾಮನು ಕೊಡಲಿಯನ್ನೆಸೆದು ಕಡಲಿನಿಂದ ಬಿಡಿಸಿದ ನೆಲ ನಮ್ಮದೆಂದು ಐತಿಹ್ಯ. ಅದೇ ಪರಶುರಾಮನು ಹಿಮಾಲಯದಲ್ಲಿ ಕ್ರೌಂಚಗಿರಿಯನ್ನು ಬಾಣದಿಂದ ಭೇದಿಸಿದನೆಂದೂ, ಆ ಕಂಡಿಯೇ ಹಂಸಗಳು ಉತ್ತರಕ್ಕೆ ಹಾಯುವ ಬಾಗಿಲೆಂದೂ ಮೇಘದೂತದಲ್ಲಿ ಬರುತ್ತದೆ. ದಕ್ಷಿಣದ ಈ ತೀರಕ್ಕೂ ಉತ್ತರದ ಆ ಬಾಗಿಲಿಗೂ ಒಬ್ಬನೇ ಕರ್ತೃವೆಂಬುದು ಪಾಠ ಹೇಳುವಾಗ ನನಗೆ ಎಂದೂ ಹೊಳೆದಿರಲಿಲ್ಲ, ರೈಲಿನಲ್ಲಿ ಹೊಳೆಯಿತು.

ದೆಹಲಿಯಿಂದ ಲೇಹಕ್ಕೆ ವಿಮಾನದಲ್ಲಿ ಹೋದೆನು. ಲೇಹವು ಸುಮಾರು ೩,೫೦೦ ಮೀಟರು ಎತ್ತರದಲ್ಲಿದೆ. ೨೦೧೯ರಿಂದ ಲಡಾಖವು ಕೇಂದ್ರಾಡಳಿತ ಪ್ರದೇಶವಾಗಿದ್ದು ಲೇಹವೇ ಅದರ ಮುಖ್ಯಪಟ್ಟಣ. ಹಿಮಾಲಯದ ದೊಡ್ಡ ಗೋಡೆಯ ಆಚೆಗಿರುವುದರಿಂದ ಮಳೆಗಾಲದ ಮೋಡ ಅಲ್ಲಿಗೆ ತಲುಪುವುದು ಬಲು ಕಡಮೆ. ಎರಡು ದಿನಗಳ ಹಿಂದೆ ಕೊಡೆ ಹಿಡಿದು ಮನೆಯಿಂದ ಹೊರಟವನು ಇಲ್ಲಿ ತುಟಿಯೊಡೆಯುವ ಒಣಗಾಳಿಯಲ್ಲಿ ನಿಂತಿದ್ದೆನು. ವೈದ್ಯರಿಗೆ ಕೊಟ್ಟ ಮಾತಿನಂತೆ ಮೂರು ದಿನ ಮಲಗಿದೆನು. ಮೊದಲನೆಯ ದಿನ ತಲೆನೋವು, ಎರಡನೆಯ ದಿನ ನಿದ್ರೆಯಿಲ್ಲ, ಮೂರನೆಯ ದಿನ ಹಸಿವು ತಿರುಗಿ ಬಂತು. ಈ ವಿಶ್ರಾಂತಿಯನ್ನು ಯಾರೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಎತ್ತರಕ್ಕೆ ತಟ್ಟನೆ ಏರಿದವರಿಗೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿ ಪ್ರಾಣಕ್ಕೆ ಅಪಾಯವಾಗುವುದುಂಟು. ಅದಕ್ಕೆ ಮುಖ್ಯವಾದ ಚಿಕಿತ್ಸೆ ತಡಮಾಡದೆ ಕೆಳಗಿಳಿಯುವುದು.

ನಾಲ್ಕನೆಯ ದಿನ ಬಾಡಿಗೆಯ ವಾಹನದಲ್ಲಿ ತ್ಸೋ ಮೊರಿರಿ ಸರೋವರಕ್ಕೆ ಹೊರಟೆನು. ಲೇಹದಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ; ಅದರಲ್ಲಿ ಬಹುಪಾಲು ಸಿಂಧೂನದಿಯ ಮಗ್ಗುಲಲ್ಲಿಯೇ. ವೇದದಲ್ಲಿ ಓದಿದ ಸಿಂಧುವನ್ನು ಮೊದಲ ಸಲ ನೋಡಿದಾಗ ವಾಹನವನ್ನು ನಿಲ್ಲಿಸಿ, ಇಳಿದು, ನೀರನ್ನು ಮುಟ್ಟಿ ತಲೆಗೆ ಪ್ರೋಕ್ಷಿಸಿಕೊಂಡೆನು. ಚಾಲಕನು ಆ ನಾಡಿನ ತರುಣ, ಬೌದ್ಧ. ಅವನು ಏನೂ ಕೇಳದೆ ತಾನೂ ಕೈ ಮುಗಿದನು. ಚುಮಾಥಂಗದ ಬಿಸಿನೀರಿನ ಬುಗ್ಗೆಗಳನ್ನು ದಾಟಿ, ಮಾಹೆಯ ಸೇತುವೆಯಲ್ಲಿ ಸಿಂಧುವನ್ನು ಬಿಟ್ಟು ಬೆಟ್ಟವನ್ನೇರಿದರೆ ಚಾಂಗ್‌ಥಾಂಗದ ಮೇಲುನಾಡು. ಅಲ್ಲಿ ಮರವೆಂಬುದಿಲ್ಲ. ಕಣ್ಣು ಹೋದಷ್ಟು ದೂರವೂ ಕಂದು, ಕಾವಿ, ಬೂದಿಯ ಬಣ್ಣದ ಬೆಟ್ಟಗಳು. ತಗ್ಗಿನಲ್ಲಿ ಮಾತ್ರ ನೀರು ಜಿನುಗುವ ಕಡೆ ಚಾಪೆಯಷ್ಟಗಲ ಹಸುರು.

ಇಷ್ಟು ಬಡ ನೆಲದಲ್ಲಿಯೂ ಜೀವಜಾತಿಗೆ ಕೊರತೆಯಿರಲಿಲ್ಲ. ಕಿಯಾಂಗ್ ಎಂಬ ಕಾಡುಕತ್ತೆಗಳು ಹದಿನಾಲ್ಕು ಸಾಲಾಗಿ ನಿಂತು ನಮ್ಮನ್ನು ನೋಡಿದುವು. ಬೆನ್ನು ಕೆಂಗಂದು, ಹೊಟ್ಟೆ ಬಿಳುಪು. ನಮ್ಮ ಅಗಸರ ಕತ್ತೆಗೂ ಇವಕ್ಕೂ ಹೋಲಿಕೆ ಹೆಸರಿನಲ್ಲಿ ಮಾತ್ರ. ನಡಿಗೆಯಲ್ಲಿ ಅವು ಕುದುರೆಯನ್ನೂ ನಾಚಿಸತಕ್ಕವು. ಮಾರ್ಮಟ್ ಎಂಬ ಕೊಬ್ಬಿದ ಬಿಲವಾಸಿಗಳು ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು ಸಿಳ್ಳು ಹಾಕಿ ಒಳಗೆ ಮಾಯವಾದುವು. ಚಳಿಗಾಲದಲ್ಲಿ ಈ ನಾಡು ಹೇಗಿರುವುದೆಂದು ಚಾಲಕನನ್ನು ಕೇಳಿದೆನು. ಸರೋವರದ ಮೇಲೆ ಮನುಷ್ಯರು ನಡೆಯುವಷ್ಟು ಹಿಮಗಟ್ಟುವುದೆಂದನು. ಆಗ ಅಲ್ಲಿಯ ಜೀವಿಗಳಿಗಿರುವ ಉಪಾಯ ಮೂರೇ. ಮಾರ್ಮಟ್ ಬಿಲದ ಬಾಯನ್ನು ಮುಚ್ಚಿ ತಿಂಗಳುಗಟ್ಟಲೆ ನಿದ್ರಿಸುವುದು. ಕಿಯಾಂಗ್ ಮತ್ತು ಮನುಷ್ಯ ಹಲ್ಲುಕಚ್ಚಿ ಸಹಿಸುವುದು. ಹಂಸ ರೆಕ್ಕೆಯನ್ನು ನಂಬಿ ಹೊರಡುವುದು.

ಸಂಜೆಯ ಮೂರು ಗಂಟೆಗೆ ಸರೋವರವು ಕಂಡಿತು. ಅದರ ಎತ್ತರ ೪,೫೨೨ ಮೀಟರು. ಉದ್ದ ಸುಮಾರು ೨೬ ಕಿಲೋಮೀಟರು. ಹರಿದು ಹೊರಹೋಗಲು ದಾರಿಯಿಲ್ಲದ ನೀರಾದುದರಿಂದ ಕೊಂಚ ಉಪ್ಪು. ೨೦೦೨ರಲ್ಲಿಯೇ ಇದು ರಾಮ್ಸಾರ್ ಪಟ್ಟಿಗೆ ಸೇರಿದೆ; ಆ ಲೆಕ್ಕದಲ್ಲಿ ನಮ್ಮ ಮಾಗಡಿ ಕೆರೆಗೆ ಇದು ಅಕ್ಕನಾಗಬೇಕು. ದಡದಲ್ಲಿ ಕೊರ್ಝೋಕ್ ಎಂಬ ಊರು, ಒಂದು ಬೌದ್ಧ ವಿಹಾರ. ಆಡುಕುರಿಗಳನ್ನೂ ಯಾಕುಗಳನ್ನೂ ಮೇಯಿಸಿಕೊಂಡು ಡೇರೆಯಿಂದ ಡೇರೆಗೆ ಸಾಗುವ ಚಾಂಗ್ಪಾ ಜನರ ನಾಡು ಅದು. ಪಶ್ಮೀನಾ ಎಂದು ಪೇಟೆಯಲ್ಲಿ ಬೆಲೆಬಾಳುವ ಉಣ್ಣೆ ಇವರ ಆಡುಗಳ ಮೈಮೇಲಿನದು. ನಾನು ಉಳಿದುಕೊಂಡದ್ದು ಒಬ್ಬ ಮುದುಕಿಯ ಮನೆಯಲ್ಲಿ. ಬೆಣ್ಣೆಯನ್ನೂ ಉಪ್ಪನ್ನೂ ಹಾಕಿದ ಚಹವನ್ನು ಕೊಟ್ಟಳು. ಅದನ್ನು ಚಹವೆಂದು ತಿಳಿದು ಕುಡಿದರೆ ಕಷ್ಟ, ಸಾರೆಂದು ತಿಳಿದು ಕುಡಿದರೆ ಹಿತ.

ಹೊತ್ತು ಇಳಿಯುವ ಮುಂಚೆ ಚಾಲಕನೊಡನೆ ಮೆಲ್ಲನೆ ದಡಕ್ಕೆ ನಡೆದೆನು. ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು. ಬಹು ದೂರದಲ್ಲಿಯೇ ಕುಳಿತು ದುರ್ಬೀನನ್ನು ಕಣ್ಣಿಗೆ ಹಚ್ಚಿದೆನು. ಕೆಸರು ಹುಲ್ಲಿನ ಅಂಚಿನಲ್ಲಿ ಅವು ಇದ್ದುವು! ಬಿಳಿಯ ತಲೆ, ಎರಡು ಕಪ್ಪು ಪಟ್ಟೆ. ಪುಷ್ಯದಲ್ಲಿ ಮಾಗಡಿಯ ಏರಿಯ ಮೇಲಿಂದ ನೋಡಿದ ಅದೇ ಮುಖ. ಆದರೆ ಅಲ್ಲಿ ಸಾವಿರಾರು ಸೇರಿ ಗದ್ದಲವೆಬ್ಬಿಸುತ್ತಿದ್ದುವು, ಇಲ್ಲಿ ಜೋಡಿ ಜೋಡಿಯಾಗಿ ಗೃಹಸ್ಥರಂತೆ ದೂರ ದೂರ ಇದ್ದುವು. ಹತ್ತಿರದ ಜೋಡಿಯ ನಡುವೆ ಹಳದಿ ತುಪ್ಪುಳಿನ ಮರಿಗಳು ಹುಲ್ಲು ಕಡಿಯುತ್ತಿದ್ದುವು. ಎಣಿಸಿದೆನು: ಆರು. ಮುಂದೆ ತಾಯಿ, ಹಿಂದೆ ತಂದೆ, ನಡುವೆ ಮರಿಗಳ ಸಾಲು. ನೆಲದ ಮೇಲೆ, ಹೆಚ್ಚಾಗಿ ನೀರು ಸುತ್ತುವರಿದ ನಡುಗಡ್ಡೆಗಳಲ್ಲಿ, ಗೂಡು ಮಾಡಿ ಸುಮಾರು ಒಂದು ತಿಂಗಳು ಕಾವು ಕೊಡುವ ಹಕ್ಕಿ ಇದು. ಮಾಗಡಿಯಲ್ಲಿ ಯಾರೂ ಇದರ ಮೊಟ್ಟೆಯನ್ನು ಕಂಡವರಿಲ್ಲ, ಇಲ್ಲಿ ಹಸುಗೂಸುಗಳೇ ನಡೆದಾಡುತ್ತಿದ್ದುವು. ಸ್ವಲ್ಪ ಆಚೆ ಕಾವಿಬಣ್ಣದ ಎರಡು ಬಾತುಗಳು ಅಕ್ಕಪಕ್ಕದಲ್ಲಿ ಕುಳಿತಿದ್ದುವು. ಅವೇ ಚಕ್ರವಾಕಗಳು. ರಾತ್ರಿಯಲ್ಲಿ ಇವು ಅಗಲಿ ಗೋಳಿಡುವುವೆಂದು ಕವಿಗಳು ಹೇಳುವರು. ನಾನು ನೋಡಿದ ಜೋಡಿಯಂತೂ ಕತ್ತಲು ಕವಿದು ಕಣ್ಣಿಗೆ ಕಾಣದಾಗುವವರೆಗೆ ಒಂದನ್ನೊಂದು ಬಿಟ್ಟು ಅಲುಗಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಕಣ್ಣು ಮುಚ್ಚಿದೊಡನೆ ಉಸಿರು ನಿಂತಂತಾಗಿ ಎದ್ದು ಕೂರುವೆನು. ಆ ಎತ್ತರದಲ್ಲಿ ಒಂದು ಉಸಿರಿನಲ್ಲಿ ದೊರೆಯುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಚಾಲಕನು ನನ್ನ ಬೆರಳಿಗೆ ಸಣ್ಣದೊಂದು ಯಂತ್ರವನ್ನು ಸಿಕ್ಕಿಸಿ ನೋಡಿ, ತಲೆನೋವು ಏರಿದರೆ ನಡುರಾತ್ರಿಯಾದರೂ ಇಳಿದುಬಿಡೋಣವೆಂದನು. ಮನೆಯಾಕೆಯ ಮಾತು ನೆನಪಾಯಿತು, ನಗು ಬರಲಿಲ್ಲ. ಗೋಡೆಗೆ ಒರಗಿ ಕುಳಿತು ಹೊರಗಿರುವ ಹಕ್ಕಿಗಳನ್ನು ನೆನೆದೆನು. ನಾನು ಕುಳಿತಲ್ಲಿಯೇ ಉಸಿರಿಗೆ ತಡಕಾಡುವ ಗಾಳಿಯಲ್ಲಿ ಅವು ರೆಕ್ಕೆ ಬಡಿದು ಹಾರತಕ್ಕವು. ಅವುಗಳ ರಕ್ತದಲ್ಲಿ ಪ್ರಾಣವಾಯುವನ್ನು ಹಿಡಿಯುವ ದ್ರವ್ಯವು ಬಯಲುನಾಡಿನ ಹೆಬ್ಬಾತುಗಳದಕ್ಕಿಂತ 
ಬಿಗಿಯಾಗಿ ಹಿಡಿಯುವುದು; ಶ್ವಾಸಕೋಶವೂ ದೊಡ್ಡದು. ಇವು ಎವರೆಸ್ಟಿನ ನೆತ್ತಿಯ ಮೇಲೆಯೇ ಹಾರುವುವೆಂದು ಬಹುಕಾಲ ಪ್ರತೀತಿಯಿತ್ತು. ವಿಜ್ಞಾನಿಗಳು ಹಕ್ಕಿಗಳ ಮೈಗೆ ಸಣ್ಣ ಯಂತ್ರಗಳನ್ನು ಕಟ್ಟಿ ಉಪಗ್ರಹಗಳ ಮೂಲಕ ದಾರಿಯನ್ನು ಅರಸಿ, ೨೦೧೩ರಲ್ಲಿ ಪ್ರಕಟಿಸಿದ ಫಲಿತಾಂಶವು ಬೇರೆ ತೆರನಾಗಿದೆ. ೭,೨೯೦ ಮೀಟರಿನವರೆಗೆ ಏರಿದ್ದುಂಟು. ಆದರೆ ಅದು ವಿರಳ. ಹೆಚ್ಚಾಗಿ ಅವು ಆರು ಸಾವಿರ ಮೀಟರಿಗೆ ಕೆಳಗೇ, ಶಿಖರಗಳ ನಡುವಣ ಕಣಿವೆಗಳನ್ನೂ ಕಂಡಿಗಳನ್ನೂ ಹಿಡಿದು ದಾಟುವುವು. ಹಂಸಗಳು ಬೆಟ್ಟದ ಮೇಲೆ ಹಾರದೆ ಬೆಟ್ಟದ ಕಂಡಿಯಲ್ಲಿ ಹಾಯುವುವೆಂದು ಕಾಳಿದಾಸನು ಹೇಳಿದ್ದು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ! ಈ ವಿಚಾರದಲ್ಲಿಯೇ ಬೆಳಕು ಹರಿಯಿತು, ತಲೆನೋವು ಏರಲಿಲ್ಲ.

ಬೆಳಗ್ಗೆ ಅದೇ ಸ್ಥಳಕ್ಕೆ ಹೋದೆನು. ಅದೇ ಹುಲ್ಲಿನಲ್ಲಿ ಒಂದು ಜೋಡಿ, ಮರಿಗಳ ಸಾಲು. ಎಣಿಸಿದೆನು: ಐದು. ಮತ್ತೊಮ್ಮೆ, ಮೂರನೆಯ ಸಲವೂ ಎಣಿಸಿದೆನು. ಐದೇ. ದಡದುದ್ದಕ್ಕೂ ಮೂರು ನಾಯಿಗಳು ಮೂಸುತ್ತ ಓಡಾಡುತ್ತಿದ್ದುವು. ಅವು ಸಮೀಪಿಸಿದೊಡನೆ ಹೆಬ್ಬಾತುಗಳು ಮರಿಗಳನ್ನು ನಡುವೆ ಮಾಡಿಕೊಂಡು ನೀರಿಗೆ ಜಾರಿದುವು. ನನ್ನೊಡನೆ ಬಂದಿದ್ದ ಮುದುಕಿಯು ನಾಯಿಗಳತ್ತ ಕಲ್ಲೆಸೆದು ಏನೋ ಗೊಣಗಿದಳು. ಚಾಲಕನು ಹಿಂದಿಯಲ್ಲಿ ತಿಳಿಸಿಹೇಳಿದನು. ಮೊದಲು ಇಲ್ಲಿ ತೋಳ, ನರಿಗಳ ಭಯವಿತ್ತು. ಅವು ನಡುಗಡ್ಡೆಗೆ ಹೋಗಲಾರವು. ಈಗ ಬೀಡುಗಳಲ್ಲಿ ಚೆಲ್ಲಿದ ಎಂಜಲನ್ನು ತಿಂದು ನಾಯಿಗಳು ಹೆಚ್ಚಿವೆ. ಬೇಸಗೆಯಲ್ಲಿ ಯಾತ್ರಿಕರಿರುವಷ್ಟು ದಿನ ಅವಕ್ಕೆ ಊಟ; ಉಳಿದಂತೆ ನೆಲದ ಮೇಲಣ ಗೂಡುಗಳ ಮೊಟ್ಟೆ, ಮರಿ. ಲಡಾಖದವರು ತಮ್ಮ ರಾಜ್ಯಪಕ್ಷಿಯೆಂದು ಗೌರವಿಸುವ ಕಪ್ಪುಕೊರಳಿನ ಕ್ರೌಂಚಗಳಿಗೂ ಇದೇ ಪೀಡೆ. ವಾಹನಗಳನ್ನು ಹುಲ್ಲಿನ ಮೇಲೆಯೇ ಓಡಿಸಿ, ನೀರಿನ ಅಂಚಿನಲ್ಲಿ ಚಿತ್ರ ತೆಗೆಸಿಕೊಳ್ಳುವವರನ್ನೂ ಆ ಬೆಳಗ್ಗೆಯೇ ಕಂಡೆನು. ಅವರು ದುಷ್ಟರಲ್ಲ, ಉತ್ಸಾಹಿಗಳಾದ ಗೃಹಸ್ಥರೇ. ಆದರೆ ಬಾಣಂತಿಯ ಕೋಣೆಗೆ ನಾವು ಹೀಗೆ ನುಗ್ಗುತ್ತೇವೆಯೆ? ದೂರದಿಂದ ಕೇಳಿ, ಹೊಸಲಾಚೆ ನಿಂತು, ಹರಸಿ ಬರುವುದು ನಮ್ಮ ಮನೆಗಳ ಮರ್ಯಾದೆ.

ಮುದುಕಿಯು ಹೆಬ್ಬಾತುಗಳನ್ನು ತೋರಿಸಿ ಒಂದು ಶಬ್ದವನ್ನು ಹೇಳಿದಳು: ಙಂಗ್ಪಾ. ನಾನು ಬೆರಗಾದೆನು. ನಮ್ಮ ವರ್ಣಮಾಲೆಯಲ್ಲಿ ಙಕಾರವುಂಟು. ಮೂವತ್ತು ವರ್ಷ ಅದನ್ನು ಮಕ್ಕಳಿಂದ ಬರೆಯಿಸಿದೆನು. ಅದರಿಂದ ಆರಂಭವಾಗುವ ಪದವೊಂದನ್ನು ಹೇಳಿರೆಂದು ಕೇಳಿದ ಮಕ್ಕಳಿಗೆ ಕನ್ನಡದಲ್ಲಿ ತೋರಿಸಲು ಒಂದೂ ಇರಲಿಲ್ಲ. ಇಲ್ಲಿ ಅದು ಹಂಸದ ಹೆಸರಿನ ಮೊದಲಲ್ಲಿಯೇ ಕುಳಿತಿತ್ತು. ಅಷ್ಟೇ ಅಲ್ಲ, ಇವರ ಮಾತಿನಲ್ಲಿ ಙ ಎಂದರೆ ನಾನು ಎಂದರ್ಥ. ಮುದುಕಿಗೆ ನನ್ನ ಸಂತೋಷದ ಕಾರಣ ತಿಳಿಯಲಿಲ್ಲ, ಆದರೂ ನಕ್ಕಳು. ಬಳಿಕ ಅವಳೇ ಒಂದು ಪ್ರಶ್ನೆ ಕೇಳಿದಳು. ಚಳಿ ಬಂದಾಗ ಇವು ತೆಂಕಲಿಗೆ ಹೋಗುವುವು; ಅಲ್ಲಿ ಇವಕ್ಕೆ ಏನು ಸಿಕ್ಕುವುದು, ಜನ ಹೇಗೆ ನೋಡಿಕೊಳ್ಳುವರು ಎಂದು. ಮಾಗಡಿಯ ರೈತನು ಕೇಳಿದ ಪ್ರಶ್ನೆಯೇ ಬೆಟ್ಟದ ಆಚೆಯಿಂದ ನನ್ನನ್ನು ಕೇಳಿದಂತಾಯಿತು. ಒಂದು ಕೆರೆಯಿದೆ, ಅದರ ಸುತ್ತ ಹೊಲಗಳಿವೆ. ಪೈರನ್ನು ತಿಂದರೂ ಹೊಡೆಯಲು ಕೈ ಬಾರದ ಒಬ್ಬ ಮುದುಕನನ್ನು ನಾನು ಬಲ್ಲೆನು ಎಂದೆನು. ಚಾಲಕನು ಅದನ್ನು ಹೇಳಿದಾಗ ಅವಳು ಎರಡು ಕೈಗಳನ್ನೂ ಎದೆಯ ಹತ್ತಿರ ತಂದು ಜೋಡಿಸಿದಳು.

ಈ ಹಕ್ಕಿಗಳ ಸಂಸಾರ ಬಹು ವಿಸ್ತಾರವಾದದ್ದು. ಲಡಾಖ, ಟಿಬೆಟ್ಟು, ಮಾನಸದ ಸುತ್ತಣ ಸರೋವರಗಳು, ಮಂಗೋಲಿಯಾ, ಇಷ್ಟೂ ಅವುಗಳ ಹೆರಿಗೆಯ ಮನೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಕಟ್ಟಿದ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಹಾಗಾದರೆ ಕವಿಸಮಯದ ಗತಿಯೇನು? ಹಂಸಗಳು ಮಾನಸಕ್ಕೆ ಹೋಗುವುದು ದಿಟ, ಮಳೆಗಾಲದಲ್ಲಿ ನಮ್ಮ ನೀರುಗಳಲ್ಲಿ ಅವು ಇಲ್ಲದಿರುವುದೂ ದಿಟ. ಮೋಡದ ಜೊತೆಯಲ್ಲಿಯೇ ಹೊರಟವೆಂಬುದು ಮಾತ್ರ ಕವಿಯು ಸೇರಿಸಿದ ಸೊಗಸು. ಮೊದಲ ಮಳೆ ಬೀಳುವ ಹೊತ್ತಿಗೆ ಅವು ಅಲ್ಲಿ ಮರಿಗಳನ್ನು ಮೇಯಿಸುತ್ತಿರುವುವು.

ಅದೇ ವರ್ಷದ ಕಾರ್ತಿಕದಲ್ಲಿ, ಕೊಟ್ಟ ಮಾತಿನಂತೆ ಮತ್ತೆ ಮಾಗಡಿಗೆ ಹೋದೆನು. ದೀಪಾವಳಿಗೆ ಊರಿಗೆ ಬಂದಿದ್ದ ಹುಡುಗಿಯೂ ಅಜ್ಜನ ಜೊತೆಯಲ್ಲಿದ್ದಳು. ಮೊದಲ ಹಿಂಡುಗಳು ಆಗತಾನೆ ಇಳಿದಿದ್ದುವು. ದುರ್ಬೀನಿನಲ್ಲಿ ಒಂದು ಸಂಸಾರವನ್ನು ಹುಡುಕಿ ಅವರಿಗೆ ತೋರಿಸಿದೆನು. ದೊಡ್ಡವು ಎರಡು, ಅವುಗಳ ಬೆನ್ನಿಗೇ ತಲೆಯ ಪಟ್ಟೆ ಇನ್ನೂ ಮೂಡದ ಮೂರು. ಪಟ್ಟೆ ಮೂಡದಿರುವುವು ಆ ವರ್ಷವೇ ಹುಟ್ಟಿದ ಮರಿಗಳೆಂದೂ, ಅವಕ್ಕೆ ಐದು ತಿಂಗಳಾಗಿರಬಹುದೆಂದೂ, ತಂದೆತಾಯಿಗಳು ದಾರಿ ತೋರಿಸುತ್ತ ಅವನ್ನು ಕರೆತಂದಿರುವುದೆಂದೂ ಹೇಳಿದೆನು. ಆ ಬೋಳು ಬೆಟ್ಟ, ಉಪ್ಪುನೀರು, ನಾಯಿ, ಆರು ಐದಾದದ್ದು, ಎಲ್ಲವನ್ನೂ ಹೇಳಿದೆನು. ಅಜ್ಜನು ಬಹು ಹೊತ್ತು ಕಣ್ಣಿನಿಂದ ದುರ್ಬೀನನ್ನು ತೆಗೆಯಲಿಲ್ಲ. ಕೊನೆಗೆ, "ಐದ್ ತಿಂಗಳ ಕೂಸು ಹಿಮಾಲಯ ದಾಟಿ ಬಂದೈತಂದ್ರ, ನಾಕ್ ಕಾಳು ತಿನ್ಲಿ ಬಿಡ್ರಿ" ಎಂದನು. ಹುಡುಗಿಯು ನನ್ನತ್ತ ತಿರುಗಿ, "ಹಂಗಾದ್ರ ಎರಡೂ ಮನೀನ ಅಲ್ರೀ ಸಾರ್? ಒಂದು ಹುಟ್ಟಿದ್ದು, ಒಂದು ಉಳಿಸಿದ್ದು" ಎಂದಳು. ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಂಡಳು. ಅದಕ್ಕಿಂತ ಮೇಲಾದ ಭಾಷ್ಯವನ್ನು ನಾನು ಬರೆಯಲಾರೆನು.

ಆದರೆ ಅಜ್ಜನ ಔದಾರ್ಯವನ್ನು ಕೊಂಡಾಡಿ ನಾವು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಹಕ್ಕಿಯನ್ನು ನೋಡಿದ ಸಂತೋಷ ನನಗೆ, ಲೋಕದ ಪಟ್ಟಿಯಲ್ಲಿ ಸೇರಿದ ಕೀರ್ತಿ ನಾಡಿಗೆ, ಪೈರಿನ ನಷ್ಟ ಮಾತ್ರ ಅವನಿಗೆ ಎಂದಾದರೆ ಅದು ಯಾವ ಧರ್ಮ? ಆತಿಥ್ಯದ ವೆಚ್ಚವನ್ನು ಕೆರೆಯ ಬದಿಯ ನಾಲ್ಕು ಮನೆಗಳವರೇ ಹೊರತಕ್ಕದ್ದಲ್ಲ; ಊರೂ ಸರ್ಕಾರವೂ ನೋಡಲು ಬರುವ ನಮ್ಮಂಥವರೂ ಹಂಚಿಕೊಳ್ಳತಕ್ಕದ್ದು. ಕೊರ್ಝೋಕಿನಲ್ಲಿಯೂ ಹಾಗೆಯೇ. ಹೋಗುವವರು ದೂರದಿಂದ ನೋಡಲಿ, ಎಂಜಲನ್ನೂ ಕಸವನ್ನೂ ತಿರುಗಿ ತರಲಿ. ಅಷ್ಟು ದೂರ ಹೋಗಲಾರದ ಗೃಹಸ್ಥರು ಪುಷ್ಯಮಾಸದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಮಾಗಡಿಗೆ ಹೋದರೂ ಸಾಕು. ಪಟಾಕಿಯಿಲ್ಲದೆ, ಕೂಗಾಟವಿಲ್ಲದೆ ಏರಿಯ ಮೇಲೆ ಅರ್ಧ ಗಳಿಗೆ ಕುಳಿತರೆ ಉತ್ತರದಿಕ್ಕೇ ಅಲ್ಲಿಗೆ ಬಂದು ನೀರಿನ ಮೇಲೆ ವಿಶ್ರಮಿಸುತ್ತಿರುವುದು ಕಾಣುವುದು.

ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನು ಅತಿಥಿ ಎಂದು ಹಿರಿಯರು ಆ ಶಬ್ದವನ್ನು ಬಿಡಿಸುವರು. ಈ ಅತಿಥಿಗಳಿಗಾದರೋ ತಿಥಿ ತಪ್ಪುವುದಿಲ್ಲ. ಕಾರ್ತಿಕವು ಬಂದಾಗ ಅವು ಬಂದೇ ಬರುವುವು; ಬಂದಾಗ ಕೆರೆಯಲ್ಲಿ ನೀರಿರುವಂತೆ ನೋಡಿಕೊಳ್ಳುವುದು ಮನೆಯವರಾದ ನಮ್ಮ ಕೆಲಸ.